ಅಲೆ ತಿಕ್ಕಿದ ಬಡಗಿ ಅಕ್ಕ

ಮರದಲ್ಲಿ ಮೇಜು ಮಾಡುವವರಿದ್ದಾರೆ, ಮಂಚ ಮಾಡುವವರಿದ್ದಾರೆ. ಬಡಗಿ ಅಕ್ಕ ಸಮುದ್ರದ ಅಲೆ ಮಾಡುತ್ತಿದ್ದಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತಿದ್ದಳು. ಕೇಳಿದವರು ಒಂದು ಗಳಿಗೆ ಅವಳ ಮುಖ ನೋಡಿ, ಪಾಪ, ಇವಳಿಗೇನೋ ಆಗಿದೆ ಎಂದುಕೊಂಡು ಮಾತು ಬದಲಿಸುತ್ತಿದ್ದರು. ಅವರದೂ ತಪ್ಪಿಲ್ಲ ಬಿಡಿ. ಬಂದರಿನ ಹಿಂದಿನ ಹಳೇ ಗೋದಾಮಿನಲ್ಲಿ ಒಂದು ಗಾಳಿ ಸುರಂಗವಿದೆ, ಅದರೊಳಗೆ ಗಾಲಿಯ ಮೇಲೆ ಓಡುವ ಮರದ ಸಮುದ್ರವಿದೆ, ಅದರ ಮೇಲೆ ಮೊಳದುದ್ದದ ಪುಟ್ಟ ವಿಮಾನವೊಂದನ್ನು ತಂತಿಯಲ್ಲಿ ತೂಗುಬಿಟ್ಟು ದಿನವಿಡೀ ಗಾಳಿ ಹಾಯಿಸುತ್ತಾರೆ ಎಂದರೆ ನೋಡದವರು ನಂಬುವುದಾದರೂ ಹೇಗೆ?

ಅವಳೇನೂ ಇದಕ್ಕೆಂದು ಓದಿ ಬಂದವಳಲ್ಲ. ಅಪ್ಪನದು ತೊಟ್ಟಿಲ ಅಂಗಡಿ. ಮುಂದೆ ಎರಡು ಬಾಗಿಲು, ಹಿಂದೆ ಒಂದು ಕೋಣೆ, ಕಾಲಿಟ್ಟಲ್ಲೆಲ್ಲ ಮರದ ಹೊಟ್ಟು. ತಾಯಿ ಬೇಗ ಹೋದಳು. ಅಪ್ಪನೂ ಹೋದಾಗ ಅಕ್ಕನಿಗೆ ಹತ್ತೊಂಬತ್ತು, ತಮ್ಮನಿಗೆ ಏಳು. ಅಂಗಡಿ ಮುಚ್ಚಿ ಯಾರದಾದರೂ ಮನೆ ಸೇರಿಕೋ ಎಂದು ನೆಂಟರು ಬುದ್ಧಿ ಹೇಳಿದರು. ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು ಮಾರನೇ ದಿನವೇ ಉಳಿ ಹಿಡಿದಳು. ಅಪ್ಪ ಅವಳಿಗೆ ಕಲಿಸಿದ್ದು ಒಂದೇ ಹಟ: ತೊಟ್ಟಿಲಿನ ಯಾವ ಅಂಚೂ ಚೂಪಾಗಿರಕೂಡದು. ಬಡಗಿಯ ಅಂಗೈ ದಪ್ಪ ಚರ್ಮದ್ದು, ಅದಕ್ಕೆ ಸಿಬಿರು ತಿಳಿಯುವುದಿಲ್ಲ ಎಂದು ಅವನು ಪ್ರತಿ ಅಂಚಿನ ಮೇಲೂ ಕೆನ್ನೆ ಸವರಿ ನೋಡುತ್ತಿದ್ದ, ಮಗಳ ಕೆನ್ನೆಯನ್ನೂ ಸವರಿಸುತ್ತಿದ್ದ. ಚುಚ್ಚಿದಲ್ಲಿ ಉಪ್ಪುಕಾಗದ ಹಿಡಿದು ನುಣ್ಣಗಾಗುವ ತನಕ ತಿಕ್ಕಬೇಕು. ಇಪ್ಪತ್ತು ವರ್ಷ ಹೀಗೆ ತಿಕ್ಕಿ ತಿಕ್ಕಿ ಅವಳ ಜೇಬಿನಲ್ಲಿ ಉಪ್ಪುಕಾಗದದ ಒಂದು ತುಂಡು ಖಾಯಂ ಆಗಿ ಉಳಿದುಬಿಟ್ಟಿತು. ಯಾರ ಮನೆಗೆ ಹೋದರೂ ಮಾತಾಡುತ್ತಾ ಆಡುತ್ತಾ ಅವರ ಕುರ್ಚಿಯ ಕೈ ತಿಕ್ಕಿ ಬರುವವಳು. "ಅಕ್ಕನ್ನ ಊಟಕ್ಕೆ ಕರೆದ್ರೆ ಮೇಜು ತೆಳ್ಳಗಾಗುತ್ತೆ" ಎಂದು ತಮ್ಮ ರೇಗಿಸುತ್ತಿದ್ದ.

ಪ್ಲಾಸ್ಟಿಕ್ ತೊಟ್ಟಿಲು ಬಂದ ಮೇಲೆ ಮರದ್ದನ್ನು ಕೇಳುವವರಿಲ್ಲವಾದರು. ಅದೇ ಹೊತ್ತಿಗೆ ಗೋದಾಮಿನವರು ಕೈ ಚೊಕ್ಕವಿರುವ ಬಡಗಿ ಬೇಕೆಂದು ಹುಡುಕುತ್ತಿದ್ದರು. ಇವಳು ಹೋದಳು. ಅಲ್ಲಿನ ಮುಖ್ಯ ಎಂಜಿನಿಯರಿಗೆ ಕೆಲಸಗಾರರು ಇಟ್ಟಿದ್ದ ಹೆಸರು "ಆದರೆ ಸಾಹೇಬರು". ಯಾವ ಪ್ರಶ್ನೆ ಕೇಳಿದರೂ ಅವರು ಮೊದಲು ಹೌದು ಎನ್ನುತ್ತಿದ್ದರು, ಆಮೇಲೆ ಆದರೆ ಎನ್ನುತ್ತಿದ್ದರು, ಕೇಳಿದವರು ತಾವು ಏನು ಕೇಳಿದ್ದೆವು ಎಂಬುದನ್ನೇ ಮರೆತು ವಾಪಸು ಬರುತ್ತಿದ್ದರು.

ಅಕ್ಕ ಮೊದಲ ವಾರವೇ ಅವರ ಕೈಗೆ ಸಿಕ್ಕಳು. ಸಾಹೇಬರು ಕಟ್ಟುತ್ತಿದ್ದುದು ಎತ್ತರಕ್ಕೆ ಹಾರುವ ವಿಮಾನವಲ್ಲ. ದ್ವೀಪಗಳಿಗೆ ಜನರನ್ನೂ ಟಪಾಲನ್ನೂ ಒಯ್ಯಲು, ನೀರಿನಿಂದ ಒಂದು ಮೊಳ, ಎರಡು ಮೊಳ ಮೇಲೆ, ಅಲೆಗಳನ್ನು ಮುಟ್ಟೀತೋ ಎಂಬಂತೆ ಹಾರುವ ವಿಮಾನ. ಕೆಲಸಗಾರರು ಅದನ್ನು ಬಾತುಕೋಳಿ ಎನ್ನುತ್ತಿದ್ದರು.

"ಅಷ್ಟು ತಗ್ಗಿನಲ್ಲಿ ಯಾಕೆ ಸರ್ ಹಾರಬೇಕು? ಮೇಲೆ ಜಾಗ ಇಲ್ವಾ?" ಎಂದಳು ಅಕ್ಕ.

"ಒಳ್ಳೇ ಪ್ರಶ್ನೆ ಮೇಸ್ತ್ರಿ. ರೆಕ್ಕೆ ನೀರಿಗೆ ಹತ್ತಿರ ಇದ್ರೆ ಅದರ ಕೆಳಗಿನ ಗಾಳಿಗೆ ತಪ್ಪಿಸಿಕೊಳ್ಳೋಕೆ ದಾರಿ ಇರಲ್ಲ. ದಿಂಬಿನ ಹಾಗೆ ರೆಕ್ಕೆನ ಎತ್ತಿ ಹಿಡಿಯುತ್ತೆ. ಕಡಿಮೆ ಎಣ್ಣೆಗೆ ಹೆಚ್ಚು ಭಾರ ಹೊರಬಹುದು."

"ಹಾಗಾದ್ರೆ ಎಷ್ಟು ತಗ್ಗಿದ್ರೆ ಅಷ್ಟು ಒಳ್ಳೇದು ಅನ್ನಿ."

"ಹೌದು. ಆದರೆ ತೀರಾ ಹತ್ತಿರ ಹೋದ್ರೆ, ಹೊಟ್ಟೆ ಉಬ್ಬಿರೋ ರೆಕ್ಕೆಯಾದ್ರೆ, ಆ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗಿ ರೆಕ್ಕೆನ ಕೆಳಕ್ಕೆ ಎಳೆಯೋದೂ ಉಂಟು."

"ಎತ್ತುತ್ತೋ ಎಳೆಯುತ್ತೋ?"

"ಎರಡೂ. ಆದರೆ ಅಲೆ ಇದ್ದಾಗ ಕಥೆನೇ ಬೇರೆ. ಅಲೆಯ ನೆತ್ತಿ ಬಂದಾಗ ನೀರು ಹತ್ತಿರ, ತಗ್ಗು ಬಂದಾಗ ದೂರ. ಒಂದು ಸಲ ಎತ್ತುತ್ತೆ, ಒಂದು ಸಲ ಬಿಡುತ್ತೆ. ಅಷ್ಟೇ ಅಲ್ಲ, ನೀರು ಹತ್ತಿರ ಆದಂತೆಲ್ಲ ಎತ್ತೋ ಬಲ ರೆಕ್ಕೆಯ ಹಿಂಬದಿಗೆ ಜಾರುತ್ತೆ. ಹಿಂದೆ ಎದ್ರೆ ಮುಂದೆ ಮೂಗು ಬಗ್ಗುತ್ತೆ. ಅದಕ್ಕೇ ನಿಮ್ಮ ಅಲೆ ಬೇಕಾಗಿರೋದು."

ಅಕ್ಕನಿಗೆ ತಲೆ ಗಿರ್ ಎಂದಿತು. ಇನ್ನೂ ಒಂದು ಕೇಳದೆ ಇರಲಾಗಲಿಲ್ಲ. ಸುರಂಗದಲ್ಲಿ ವಿಮಾನ ನೇತಾಡಿಕೊಂಡು ನಿಂತಲ್ಲೇ ನಿಂತಿದೆ, ಗಾಳಿ ಓಡುತ್ತಿದೆ, ಸಮುದ್ರ ಗಾಲಿಯ ಮೇಲೆ ಉರುಳುತ್ತಿದೆ. ಓಡಬೇಕಾದ್ದು ವಿಮಾನ ಅಲ್ಲವೇ? "ಯಾವುದು ಓಡಿದ್ರೂ ಒಂದೇ ಮೇಸ್ತ್ರಿ. ಆದರೆ ಪೂರ್ತಿ ಒಂದೇ ಅಲ್ಲ" ಎಂದರು ಸಾಹೇಬರು. ಆವತ್ತಿನಿಂದ ಬಹಳ ದಿನ ಅವಳು ಅವರ ಹತ್ತಿರ ನಕ್ಷೆಯ ಅಳತೆ ಬಿಟ್ಟು ಬೇರೇನೂ ಕೇಳಲಿಲ್ಲ. ಕೇಳದಿದ್ದರೂ ಮನಸ್ಸಿನಲ್ಲಿ ಅದು ಕೊರೆಯುತ್ತಲೇ ಇತ್ತು, ಏಕೆಂದರೆ ಆ ಬಾತುಕೋಳಿಯನ್ನು ಹಾರಿಸಬೇಕಾದವನು ಅವಳ ತಮ್ಮ.

ಹೌದು, ಅದೇ ಏಳು ವರ್ಷದ ತಮ್ಮ. ಹೊಟ್ಟಿನ ರಾಶಿಯಲ್ಲಿ ಮಲಗಿ ಬೆಳೆದವನು ಓದಿ ಪೈಲಟ್ ಆಗಿದ್ದ. ಸಾಮಾನು ಸಾಗಿಸುವ ಸಣ್ಣ ವಿಮಾನ ಓಡಿಸಿ ಹೆಸರು ತೆಗೆದುಕೊಂಡಿದ್ದ. ಮೂವತ್ನಾಲ್ಕಾದರೂ ಅಕ್ಕನ ಮುಂದೆ ಅದೇ ತುಂಟತನ. ಗೋದಾಮಿನಲ್ಲಿ ಪೈಲಟ್ ಬೇಕಂತೆ ಎಂದು ಅವನಿಗೆ ಸುದ್ದಿ ಕೊಟ್ಟವಳೂ ಅಕ್ಕನೇ, ಹತ್ತಿರವಿರುತ್ತಾನೆ ಎಂಬ ಆಸೆಯಿಂದ. ಏನು ಹಾರಿಸಬೇಕು ಎಂದು ಗೊತ್ತಾದ ಮೇಲೆ ನಾಲಿಗೆ ಕಚ್ಚಿಕೊಂಡಳು. ಶಾಂತ ನೀರಿನ ಮೇಲೆ ಅವನು ಹತ್ತಾರು ಸಲ ಹಾರಿ ಬಂದಿದ್ದ. ಅಲೆಯಿದ್ದ ದಿನ ಮಾತ್ರ ಇನ್ನೂ ಹಾರಿರಲಿಲ್ಲ. "ಬೇಡ ಕಣೋ" ಎಂದು ಅಕ್ಕ ಒಂದು ತಿಂಗಳು ಅವನ ತಲೆ ತಿಂದಳು. ಸುರಂಗದಲ್ಲಿ ಸರಿ ಕಂಡರೆ ಮಾತ್ರ ಹಾರುತ್ತೇನೆ ಎಂದು ಅವನು ಮಾತು ಕೊಟ್ಟ. ಸುರಂಗ ಎಂದರೆ ಅಕ್ಕನ ಅಲೆ. ಅಲ್ಲಿಗೆ ಅವಳ ಬಾಯಿ ಕಟ್ಟಿತು.

ನಕ್ಷೆಯಲ್ಲಿದ್ದ ಅಲೆ ಅವಳು ಅಂದುಕೊಂಡಂತೆ ದುಂಡಗಿರಲಿಲ್ಲ. ಜೋರು ಗಾಳಿಯ ದಿನ ಸಮುದ್ರದ ಅಲೆಗೆ ತಗ್ಗು ಅಗಲ, ನೆತ್ತಿ ಚೂಪು. ಅವಳು ತಗಡಿನಲ್ಲಿ ಅಚ್ಚು ಕತ್ತರಿಸಿಕೊಂಡು, ಹಗುರ ಮರದಲ್ಲಿ ಆರು ಹಲಗೆ ಕೊರೆದಳು. ಅಚ್ಚು ಇಟ್ಟರೆ ಎಲ್ಲೂ ಕೂದಲೆಳೆಯಷ್ಟು ಬೆಳಕು ಕಾಣುತ್ತಿರಲಿಲ್ಲ. ಸಾಹೇಬರು ಸವರಿ ನೋಡಿ, ಆದರೆ ಎನ್ನದೆ, "ಭೇಷ್" ಎಂದರು.

ಪರೀಕ್ಷೆ ಹದಿಮೂರು ದಿನ ನಡೆಯಿತು. ಮೊದಲ ದಿನ ಪುಟ್ಟ ವಿಮಾನ ಅಲೆಯ ಮೇಲೆ ಜ್ವರ ಬಂದಂತೆ ನಡುಗಿತು. ಸಾಹೇಬರು ಅದರ ಬಾಲದ ರೆಕ್ಕೆಯನ್ನು ಒಂಚೂರು ತಿರುಗಿಸಿದರು. ಎರಡನೇ ದಿನ ನಡುಕ ಸ್ವಲ್ಪ ಕಡಿಮೆ. ಇನ್ನೊಂಚೂರು ತಿರುಗಿಸಿದರು, ಇನ್ನೂ ಕಡಿಮೆ. ಹದಿಮೂರನೇ ದಿನ ವಿಮಾನ ಮಗು ಮಲಗಿದ ಹಾಗೆ ತೂಗಿತು. ಎಲ್ಲರೂ ಕೈಕುಲುಕಿದರು. ಬಾಲ ಹಾಗೆಯೇ ಇರಲಿ, ಮುಂದಿನ ವಾರ ಗುರುವಾರ ಅಲೆಯ ಮೇಲೆ ಹಾರಿಸೋಣ ಎಂದು ತೀರ್ಮಾನವಾಯಿತು.

ಮಾರನೇ ದಿನ, ಗುರುವಾರ ಬೆಳಿಗ್ಗೆ, ಅಕ್ಕ ಹಲಗೆಗಳನ್ನು ಬಿಚ್ಚಿ ಬಟ್ಟೆ ಸುತ್ತಿ ಇಡಲು ಹೋದಳು. ಇಡುವ ಮುಂಚೆ ಸುಮ್ಮನೆ ಅಚ್ಚು ಇಟ್ಟು ನೋಡಿದಳು. ನೆತ್ತಿಯ ಮೇಲೆ ಬೆಳಕು ಕಂಡಿತು. ಕೂದಲೆಳೆಯಷ್ಟಲ್ಲ, ಎರಡು ನಾಣ್ಯ ಒಟ್ಟಿಗೆ ತೂರುವಷ್ಟು. ಎರಡನೇ ನೆತ್ತಿಯೂ ಹಾಗೆಯೇ. ಆರು ಹಲಗೆಯ ಹದಿನೆಂಟು ನೆತ್ತಿಯೂ ಹಾಗೆಯೇ, ಒಂದರ ಪಕ್ಕ ಒಂದು ದುಂಡಗೆ, ನುಣ್ಣಗೆ, ಕೆನ್ನೆ ಇಟ್ಟರೆ ನಿದ್ದೆ ಬರುವ ಹಾಗೆ.

ಯಾರು ಮಾಡಿದ್ದು ಎಂದು ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಕೈ ತಾನಾಗಿ ಜೇಬಿಗೆ ಹೋಯಿತು. ಪ್ರತಿದಿನ ಬೆಳಿಗ್ಗೆ ಸುರಂಗ ಶುರುವಾಗುವ ಮುಂಚೆ ಅಲೆಗಳ ಧೂಳು ಒರೆಸುವುದು ಅವಳ ಕೆಲಸ. ಕಡಲ ತೇವಕ್ಕೆ ಮರ ಉಬ್ಬಿ ಚೂಪು ನೆತ್ತಿಯಲ್ಲಿ ಸಿಬಿರು ಏಳುತ್ತಿತ್ತು. ಕೈಗೆ ಚುಚ್ಚಿದ್ದಷ್ಟೇ ನೆನಪು. ಚುಚ್ಚಿದ ಮೇಲೆ ಕೈ ಏನು ಮಾಡಿತು ಎಂಬುದನ್ನು ತಲೆ ಗಮನಿಸಿರಲೇ ಇಲ್ಲ.

ಅವಳು ಹಲಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ವಿಮಾನದ ನಡುಕ ನಿಂತಿದ್ದು ಸಾಹೇಬರು ಬಾಲ ತಿರುಗಿಸಿದ್ದಕ್ಕೋ, ತಾನು ಅಲೆ ತಿಕ್ಕಿದ್ದಕ್ಕೋ? ಎರಡೂ ಪ್ರತಿದಿನ ಒಂಚೂರು ಒಂಚೂರು ನಡೆದಿದೆ. ಇದರ ಪಾಲೆಷ್ಟು, ಅದರ ಪಾಲೆಷ್ಟು? ಎರಡು ನಾಣ್ಯದಷ್ಟು ಮರಕ್ಕೆ ವಿಮಾನ ಬೀಳುತ್ತದೆಯೇ? ಬೀಳದಿದ್ದರೆ ಹೇಳುವುದೇಕೆ? ಬೀಳುವುದಾದರೆ? ತಲೆಬುಡ ತಿಳಿಯಲಿಲ್ಲ.

ಶುಕ್ರವಾರ ಊಟದ ಹೊತ್ತಿಗೆ ತಮ್ಮನನ್ನು ಸುತ್ತಿ ಬಳಸಿ ಕೇಳಿದಳು. "ಅಲ್ಲ ಕಣೋ, ಅಲೆ ಒಂಚೂರು ಹೆಚ್ಚು ಕಮ್ಮಿ ಆದ್ರೆ ಏನಾಗುತ್ತೆ?"

"ಅಕ್ಕಾ, ಸಮುದ್ರದಲ್ಲಿ ಅಲೆ ನಿನ್ನ ಅಚ್ಚು ನೋಡಿಕೊಂಡು ಬರುತ್ತಾ? ಒಂದು ಮೊಳ ಹೆಚ್ಚು, ಒಂದು ಮೊಳ ಕಮ್ಮಿ ಇದ್ದೇ ಇರುತ್ತೆ" ಎಂದು ಅವನು ಅವಳ ತಟ್ಟೆಯಿಂದಲೂ ಒಂದು ತುತ್ತು ಹಾರಿಸಿದ. ಅಕ್ಕನಿಗೆ ಜೀವ ಬಂದಂತಾಯಿತು. ಅದೂ ಸಂಜೆಯ ತನಕ ಮಾತ್ರ. ಸಂಜೆ ಸಾಹೇಬರು ಮೆಟ್ಟಿಲಲ್ಲಿ ಸಿಕ್ಕಾಗ ಅದೇ ಪ್ರಶ್ನೆ ಕೇಳಿದಳು. "ಬಹಳ ಮುಖ್ಯ ಮೇಸ್ತ್ರಿ. ಇಲ್ಲಿ ಒಂದಂಗುಲ ಅಂದ್ರೆ ಕಡಲಲ್ಲಿ ನಲವತ್ತಂಗುಲ. ನೆತ್ತಿ ಚೂಪಿದ್ದಷ್ಟೂ ಹೊಡೆತ ಹೆಚ್ಚು. ಆದರೆ ಕೆಲವು ಸಲ ಏನೂ ಆಗೋದಿಲ್ಲ" ಎಂದು ಅವರು ಹತ್ತಿ ಹೋದರು.

ಇನ್ನೊಂದು ಮುಳ್ಳೂ ಇತ್ತು. ಅಕ್ಕನಿಗೆ ಈ ಹಾರಾಟ ಬೇಡ ಎಂಬುದು ಗೋದಾಮಿನ ಬೆಕ್ಕಿಗೂ ಗೊತ್ತು. ಈಗ ಹೋಗಿ ಅಲೆ ಸವೆದಿದೆ ಎಂದರೆ ಯಾರು ನಂಬುತ್ತಾರೆ? ತಮ್ಮನನ್ನು ನಿಲ್ಲಿಸಲು ಕಥೆ ಕಟ್ಟಿದ್ದಾಳೆ ಎನ್ನುವುದಿಲ್ಲವೇ? ತಾನೇ ಬೇರೆಯವಳಾಗಿದ್ದರೆ ಹಾಗೆ ಅನ್ನುತ್ತಿರಲಿಲ್ಲವೇ? ಹೀಗೆ ಗೊಂದಲದಲ್ಲಿ ಒದ್ದಾಡಿ, ಕೊನೆಗೆ ಶನಿವಾರ ಬೆಳಿಗ್ಗೆ ಒಂದು ಹಲಗೆಯನ್ನೂ ಅಚ್ಚನ್ನೂ ಕಂಕುಳಲ್ಲಿ ಇಟ್ಟುಕೊಂಡು ಸಾಹೇಬರ ಕೋಣೆಗೆ ಹೋದಳು. ತಮ್ಮ ಅಲ್ಲೇ ಮೇಜಿನ ಅಂಚಿನ ಮೇಲೆ ಕೂತು ಕಾಲು ಆಡಿಸುತ್ತಿದ್ದ.

"ಅಲೆ ಸವೆದಿದೆ ಸರ್. ನಾನೇ ಸವೆಸಿದ್ದು" ಎಂದು ಅಚ್ಚು ಇಟ್ಟು ತೋರಿಸಿದಳು.

ಸಾಹೇಬರು ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ ಹದಿಮೂರು ದಿನದ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. "ಯಾವ ದಿನ ಎಷ್ಟು ತಿಕ್ಕಿದ್ರಿ?"

"ಹೇಗೆ ಹೇಳಲಿ ಸರ್? ಉಸಿರಾಡಿದ್ದನ್ನ ಯಾರಾದ್ರೂ ಬರೆದಿಡ್ತಾರಾ?"

ತಮ್ಮ ಕಾಲು ಆಡಿಸುವುದನ್ನು ನಿಲ್ಲಿಸಿದ್ದ. "ಅಕ್ಕಾ, ಹದಿಮೂರು ದಿನ ಕಾಣದ್ದು ಈಗ ಕಾಣಿಸ್ತಾ?"

"ಮೊನ್ನೆ ಕಾಣಿಸ್ತು ಕಣೋ."

"ನಿಜ ಹೇಳು. ಹದಿಮೂರು ದಿನ ತಿಕ್ಕಿದ್ದಾ, ಇಲ್ಲ ನೆನ್ನೆ ಮೊನ್ನೆ ಕೂತು ತಿಕ್ಕಿದ್ದಾ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಹಾರಾಟ ನಿಲ್ಲಿಸಲು ಬೇಕೆಂದೇ ಸವೆಸಿದ್ದೀಯಾ ಎಂದು ಅವನು ಕೇಳುತ್ತಿದ್ದ. ತಾನು ಎತ್ತಿ ಆಡಿಸಿದವನು, ತಾನು ಅನ್ನ ಕಲಸಿ ತಿನ್ನಿಸಿದವನು, ಸಾಹೇಬರೆದುರು ತನ್ನನ್ನು ಕಳ್ಳಿ ಎನ್ನುತ್ತಿದ್ದಾನೆ. ಸಿಟ್ಟು ಬರಬೇಕಿತ್ತು. ಅದರ ಬದಲು, ಅವನು ಹೇಳಿದ್ದರಲ್ಲಿ ಏನೂ ತಪ್ಪಿಲ್ಲವಲ್ಲ, ನನಗೂ ಹೊಳೆದಿದ್ದರೆ ಹಾಗೆ ಮಾಡಿಬಿಡುತ್ತಿದ್ದೆನೋ ಏನೋ ಎನ್ನಿಸಿ ಇನ್ನಷ್ಟು ಕಂಗೆಟ್ಟಳು.

"ಜಗಳ ಬೇಡ" ಎಂದರು ಸಾಹೇಬರು. "ಹೊಸ ಅಲೆ ಮಾಡಿ. ಬಾಲ ಹದಿಮೂರನೇ ದಿನ ಇದ್ದ ಹಾಗೇ ಇರಲಿ. ಬುಧವಾರ ಒಂದು ಸಲ ಓಡಿಸೋಣ. ವಿಮಾನ ಶಾಂತವಾಗಿದ್ರೆ ಗುರುವಾರ ಹಾರಾಟ."

ಅಕ್ಕ ಉಪ್ಪುಕಾಗದವನ್ನು ಜೇಬಿನಿಂದ ತೆಗೆದು ಅವರ ಮೇಜಿನ ಮೇಲಿಟ್ಟು ಹೊರಟಳು.

ನಾಲ್ಕು ದಿನದಲ್ಲಿ ಆರು ಹಲಗೆ. ಮೊದಲ ಸಲ ಅದಕ್ಕೆ ಮೂರು ವಾರ ಹಿಡಿದಿತ್ತು. ಅವಳು ಬೆಳಗಾದರೆ ಗೋದಾಮಿನ ಮೂಲೆಯಲ್ಲಿ ಕೂತು ಕೊರೆಯುತ್ತಿದ್ದಳು, ತಮ್ಮ ಮುಖ ಊದಿಸಿಕೊಂಡು ಒಂದು ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದ. ಕಾವಲೋ, ಜೊತೆಯೋ, ಅವನನ್ನು ಕೇಳಿದರೆ ಅವನಿಗೂ ಗೊತ್ತಿರಲಿಲ್ಲವೇನೋ. ಹಲಗೆಯ ಇನ್ನೊಂದು ತುದಿ ಹಿಡಿಯಬೇಕಾದಾಗ ಮಾತ್ರ ಎದ್ದು ಬಂದು ಹಿಡಿಯುತ್ತಿದ್ದ. ನೆತ್ತಿಯ ಅಂಚು ಅಂಗೈಗೆ ಚುಚ್ಚಿದಾಗಲೆಲ್ಲ ಅವಳ ಇನ್ನೊಂದು ಕೈ ಖಾಲಿ ಜೇಬಿಗೆ ಹೋಗಿ ಬರುತ್ತಿತ್ತು.

ಅವಳನ್ನು ಕೊರೆಯುತ್ತಿದ್ದುದು ಮಾತ್ರ ಬೇರೆ. ಬುಧವಾರ ಏನಾಗಲಿ ಎಂದು ತಾನು ಹಾರೈಸಬೇಕು? ವಿಮಾನ ಶಾಂತವಾಗಿದ್ದರೆ ತಮ್ಮ ಕ್ಷೇಮ. ಆದರೆ ಆಗ ಸವೆದ ಅಲೆಗೂ ಚೂಪು ಅಲೆಗೂ ವ್ಯತ್ಯಾಸವಿಲ್ಲ ಎಂದಾಯಿತು, ಅಕ್ಕ ಸುಮ್ಮನೆ ಗಲಾಟೆ ಎಬ್ಬಿಸಿದ ಸುಳ್ಳಿ ಎಂದಾಯಿತು, ಅವನು ಜನ್ಮದಲ್ಲಿ ನಂಬುವುದಿಲ್ಲ. ವಿಮಾನ ಮುಗ್ಗರಿಸಿದರೆ ತಾನು ಹೇಳಿದ್ದು ನಿಜ, ಜೊತೆಗೆ ತಾನು ಮಾಡಿದ್ದೂ ನಿಜ. ಸುಳ್ಳಿ ಎನ್ನಿಸಿಕೊಂಡರೂ ಪರವಾಗಿಲ್ಲ, ಶಾಂತವಾಗಿರಲಿ ಎಂದುಕೊಂಡಳು. ಮತ್ತೆ, ಶಾಂತವಾಗಿದ್ದರೆ ಗುರುವಾರ ಹಾರುತ್ತಾನಲ್ಲ ಎಂದು ನೆನಪಾಗಿ, ಬೇಡಪ್ಪ, ಬೀಳಲಿ ಎಂದುಕೊಂಡಳು. ಮಂಗಳವಾರ ಸಂಜೆ ಕೊನೆಯ ಹಲಗೆಗೆ ಅಚ್ಚು ಇಟ್ಟಾಗಲೂ ಅವಳಿಗೆ ಒಂದು ಮನಸ್ಸು ಇರಲಿಲ್ಲ.

ಬುಧವಾರ ಎಲ್ಲರೂ ಸುರಂಗದ ಗಾಜಿನ ಕಿಟಕಿಯ ಮುಂದೆ ನಿಂತರು. ಗಾಳಿಯ ಸದ್ದು ಏರಿತು. ಅಲೆಯ ನೆಲ ಗಾಲಿಯ ಮೇಲೆ ಉರುಳಿ ಬಂತು. ಮೊದಲ ನೆತ್ತಿ ದಾಟಿತು, ಪುಟ್ಟ ವಿಮಾನ ಒಂದು ನೂಲಿನಷ್ಟು ಮೇಲೆದ್ದು ಇಳಿಯಿತು. ಎರಡನೇ ನೆತ್ತಿ ದಾಟಿತು. ಶಾಂತ. ತಮ್ಮ ಅಕ್ಕನ ಕಡೆ ತಿರುಗಿದ, ಏನೋ ಹೇಳಲು ಬಾಯಿ ತೆರೆದ. ಮೂರನೇ ನೆತ್ತಿ ಬಂದಾಗ ವಿಮಾನದ ಹಿಂಬದಿ ಎದ್ದಿತು, ಮೂಗು ಬಗ್ಗಿತು, ಟಪ್ ಎಂದು ನಾಲ್ಕನೇ ನೆತ್ತಿಗೆ ಹೊಡೆದು ಮೂಗಿನ ತುದಿ ಮುರಿದು ಗಾಳಿಯಲ್ಲಿ ಹಾರಿ ಹೋಯಿತು. ಇಷ್ಟೂ ಒಂದು ಸಲ ಕಣ್ಣು ಮಿಟುಕಿಸುವುದರೊಳಗೆ ಆಯಿತು.

"ಇನ್ನೊಂದ್ಸಲ" ಎಂದ ತಮ್ಮ.

ಮೂಗಿಗೆ ಮೇಣ ಮೆತ್ತಿ ಇನ್ನೊಂದು ಸಲ ಓಡಿಸಿದರು. ಮತ್ತೆ ಅದೇ. ಮೂರನೆಯ ಸಲವೂ ಅದೇ, ಹೊಡೆತಕ್ಕೆ ಅಲೆಯ ನೆತ್ತಿಗಳೂ ಒಡೆದವು. ಸಾಹೇಬರು ಗೋಡೆಗೆ ಒರಗಿದರು. ಹದಿಮೂರು ದಿನವೂ ಬಾಲವನ್ನು ತಪ್ಪು ಕಡೆಗೇ ತಿರುಗಿಸುತ್ತಾ ಬಂದಿದ್ದೇವೆ, ಅಲೆ ದಿನಾ ಮೊಂಡಾಗುತ್ತಿದ್ದುದರಿಂದ ನಮ್ಮ ತಪ್ಪು ನಮಗೆ ಕಾಣಲಿಲ್ಲ ಎಂದು ತಮಗೆ ತಾವೇ ಎಂಬಂತೆ ಹೇಳಿದರು. ಆಮೇಲೆ ನಾಳೆಯ ಹಾರಾಟವನ್ನು ರದ್ದು ಮಾಡಿದರು.

ತಮ್ಮ ಅಕ್ಕನ ಕೆಲಸದ ಮೂಲೆಗೆ ಹೋಗಿ ಹೊಟ್ಟಿನ ರಾಶಿಯ ಪಕ್ಕ ನೆಲದ ಮೇಲೆ ಕೂತ. ಅಕ್ಕ ಹಿಂದೆಯೇ ಹೋಗಿ ಕೂತಳು. 

"ನಾಳೆ ನಾನು ಅಲ್ಲಿರ್ತಿದ್ದೆ" ಎಂದ.

"ನಾನೇ ಕಳಿಸ್ತಿದ್ದೆ ಕಣೋ. ಹದಿಮೂರು ದಿನ ತಿಕ್ಕಿ ತಿಕ್ಕಿ ನಾನೇ ದಾರಿ ಮಾಡಿ ಕೊಟ್ಟಿದ್ದೆ."

"ನೀನೇ ತಡೆದೆ ಅಲ್ವಾ."

"ಎರಡೂ ನಾನೇ. ಯಾವುದಕ್ಕೆ ಅಳಬೇಕೋ ಗೊತ್ತಾಗ್ತಿಲ್ಲ" ಎಂದಳು ಅಕ್ಕ, ಹೇಳುತ್ತಲೇ ಅತ್ತುಬಿಟ್ಟಳು. ಅವನು ಅವಳ ಬೆನ್ನು ಸವರಿದ. ಕಳ್ಳಿ ಎಂದಿದ್ದಕ್ಕೆ ಏನಾದರೂ ಹೇಳುತ್ತಾನೆಂದು ಅವಳು ಕಾಯಲಿಲ್ಲ, ಅವನೂ ಹೇಳಲಿಲ್ಲ. ಸುರಂಗದ ಗಾಳಿ ನಿಂತು ಗೋದಾಮಿನಲ್ಲಿ ಯಾರೋ ಚಾ ಕುಡಿಯಲು ಕರೆಯುತ್ತಿದ್ದರು.

"ಅಕ್ಕಾ."

"ಏನೋ?"

"ಈ ಅಲೆಗಳು ಮೂರು ಸಲಕ್ಕೇ ಒಡೆದು ಹೋದ್ವು. ಬಾಲನ ಇನ್ನೊಂದು ಕಡೆಗೆ ತಿರುಗಿಸಿ ನೋಡ್ಬೇಕು. ಮತ್ತೆ ಹೊಸ ಅಲೆ ಬೇಕಾಗುತ್ತೆ."

"ನೋಡಿ ಆಮೇಲೆ?"

"ಆಮೇಲೆ ಹಾರ್ಬೇಕು."

ಅವಳು ಅವನ ಮುಖ ನೋಡಿದಳು. ಹೆದರಿಕೆ ಅಲ್ಲೇ ಇತ್ತು, ಆಸೆಯೂ ಅಲ್ಲೇ ಇತ್ತು, ಯಾವುದೂ ಇನ್ನೊಂದನ್ನು ಓಡಿಸಿರಲಿಲ್ಲ. ಸೆರಗಿಗೆ ಅಂಟಿದ ಹೊಟ್ಟನ್ನು ಕೊಡವಿದಳು.

"ಯಾವಾಗ ಕೊಡ್ತೀಯಾ?" ಎಂದು ಅವನೇ ಕೇಳಿದ.

"ಎರಡು ತಿಂಗಳು ಬೇಕು" ಎಂದಳು.

ನಾಲ್ಕೇ ದಿನದಲ್ಲಿ ಅವಳ ಕೈ ಆರು ಹಲಗೆ ಮುಗಿಸಿದ್ದನ್ನು ಸ್ಟೂಲಿನ ಮೇಲೆ ಕೂತು ನೋಡಿದ್ದ ತಮ್ಮ, "ಆಗ್ಲಿ ಅಕ್ಕ, ಎರಡು ತಿಂಗಳು" ಎಂದ.